ಪದ ಗೊತ್ತು, ಜಾಗ ಗೊತ್ತಿಲ್ಲ



ಕಮಲಾಪುರದ ಒಂದು ಪ್ರೌಢಶಾಲೆಗೆ ಚಿತ್ರೀಕರಣಕ್ಕೆಂದು ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಹತ್ತನೆಯ ತರಗತಿಯ ಮಕ್ಕಳು ಸಾಲಾಗಿ ಕುಳಿತಿದ್ದರು. 'ನಿಮ್ಮ ಮನೆಯವರ ಬಗ್ಗೆ ಇಂಗ್ಲಿಷಿನಲ್ಲಿ ಒಂದೇ ಒಂದು ವಾಕ್ಯ ಹೇಳಿ' ಎಂದು ಕೇಳಿದೆ. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ಒಬ್ಬ ಹುಡುಗಿ ಧೈರ್ಯ ಮಾಡಿ ಎದ್ದು ನಿಂತು, 'ಮೈ ಫಾದರ್ ರೆಡ್ ಬನಾನಾ ಗ್ರೋ' ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹುಡುಗಿ ಕುಳಿತುಬಿಟ್ಟಳು; ಆಮೇಲೆ ಎಷ್ಟು ಕರೆದರೂ ಏಳಲಿಲ್ಲ.

ಚಿತ್ರೀಕರಣ ಮುಗಿದು ನಾವು ದೀಪಗಳನ್ನು ಬಿಚ್ಚುತ್ತಿದ್ದಾಗ ಅವಳೇ ಹತ್ತಿರ ಬಂದು ಕೇಳಿದಳು: 'ಸರ್, ನಾ ಹೇಳಿದ್ರಾಗ ಯಾವ ಶಬ್ದ ತಪ್ಪ್ ಅದರೀ?'

ಒಳ್ಳೆಯ ಪ್ರಶ್ನೆ. ಅವಳು ಬಳಸಿದ ಶಬ್ದಗಳಲ್ಲಿ ಬೇಡದ್ದು ಒಂದೂ ಇರಲಿಲ್ಲ. ಫಾದರ್, ರೆಡ್, ಬನಾನಾ, ಗ್ರೋ ಎಲ್ಲವೂ ಅವಳಿಗೆ ಬೇಕಾದ ಶಬ್ದಗಳೇ. ತಪ್ಪಿದ್ದದ್ದು ಮುಖ್ಯವಾಗಿ ಅವುಗಳ ಜಾಗ, ಜೊತೆಗೆ ಒಂದೆರಡು ಸಣ್ಣ ಅಕ್ಷರ. ಶಬ್ದ ಬಾರದೆ ಹಿಂದೆ ಉಳಿಯುವ ವಿದ್ಯಾರ್ಥಿಗಳಿಗಿಂತ, ಶಬ್ದ ಬಂದೂ ಜಾಗ ತಿಳಿಯದೆ ಬಾಯಿ ಮುಚ್ಚಿಕೊಳ್ಳುವ ವಿದ್ಯಾರ್ಥಿಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಪ್ರೌಢಶಾಲೆಯಲ್ಲಿ ಮುಚ್ಚಿದ ಬಾಯಿ ಕಾಲೇಜಿನಲ್ಲೂ, ಮುಂದೆ ಕೆಲಸದ ಸಂದರ್ಶನದಲ್ಲೂ ತೆರೆಯುವುದು ಕಷ್ಟ. ಆದ್ದರಿಂದ ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡುತ್ತಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಅವುಗಳನ್ನು ಜೋರಾಗಿ ಓದಿಕೊಳ್ಳಿ. ನಂತರ ನಿಮ್ಮ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳಿ.

ನಮ್ಮ ಬಜಾರಿನ ಭಾಷೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ನಿಂತರೆ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಇಷ್ಟೂ ಭಾಷೆಗಳು ಕಿವಿಗೆ ಬೀಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ ವ್ಯಾಪಾರಿಯೂ ಇವುಗಳಲ್ಲಿ ಎರಡು ಮೂರನ್ನು ಸಲೀಸಾಗಿ ಆಡುತ್ತಾನೆ. ಹಾಗಿದ್ದರೆ ಹಲವು ವರ್ಷ ತರಗತಿಯಲ್ಲಿ ಕುಳಿತು ಕಲಿತ ಇಂಗ್ಲಿಷ್ ಮಾತ್ರ ಏಕೆ ನಾಲಿಗೆಗೆ ಬರುವುದಿಲ್ಲ? ಈ ವಾಕ್ಯಗಳನ್ನು ನೋಡಿ:

ಕನ್ನಡ: ನಾನು ಬಾಳೆಹಣ್ಣು ತಿನ್ನುತ್ತೇನೆ.
ಉರ್ದು: ಮೈಂ ಕೇಲಾ ಖಾತಾ ಹೂಂ.
ಮರಾಠಿ: ಮೀ ಕೇಳೆ ಖಾತೋ.
ತೆಲುಗು: ನೇನು ಅರಟಿಪಂಡು ತಿಂಟಾನು.
ಇಂಗ್ಲಿಷ್: ಐ ಈಟ್ ಎ ಬನಾನಾ.

ಮೊದಲ ನಾಲ್ಕರಲ್ಲೂ ಕೆಲಸ ಮಾಡುವವನು ಮೊದಲು, ಕೆಲಸಕ್ಕೆ ಒಳಗಾಗುವ ವಸ್ತು ನಂತರ, ಕೆಲಸ ಕೊನೆಗೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಕರ್ತೃ, ಕರ್ಮ, ಕ್ರಿಯಾಪದ. ಲಂಬಾಣಿಯಲ್ಲೂ ಕ್ರಿಯಾಪದ ಬರುವುದು ಕೊನೆಯಲ್ಲೇ. ಅಂದರೆ ನಮ್ಮ ಬಜಾರಿನ ಭಾಷೆಗಳೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ. ಕನ್ನಡದ ಶಬ್ದ ತೆಗೆದು ಅದೇ ಜಾಗದಲ್ಲಿ ಉರ್ದುವಿನ ಶಬ್ದ ಇಟ್ಟರೆ ಬಹುಮಟ್ಟಿಗೆ ಕೆಲಸ ನಡೆಯುತ್ತದೆ. 1948ಕ್ಕೆ ಮೊದಲು, ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ಈ ಭಾಗದ ಆಡಳಿತದಲ್ಲೂ ಶಿಕ್ಷಣದಲ್ಲೂ ಉರ್ದುವೇ ಪ್ರಧಾನವಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಉರ್ದುವೇ. ಮನೆಯಲ್ಲಿ ಕನ್ನಡವಾಡುತ್ತಿದ್ದ ನಮ್ಮ ಹಿರಿಯರು ಉರ್ದುವಿನಲ್ಲಿ ಓದಿ ಬರೆದದ್ದರ ಹಿಂದೆ ಅವರ ಶ್ರಮವಿತ್ತು, ನಿಜ. ಆದರೆ ವಾಕ್ಯದ ಅಚ್ಚು ಒಂದೇ ಆಗಿದ್ದದ್ದು ಅವರಿಗೆ ದೊರೆತ ಅನುಕೂಲ.

ಇಂಗ್ಲಿಷಿನಲ್ಲಿ ಆ ಅಚ್ಚೇ ಬೇರೆ. ಅಲ್ಲಿ ಕರ್ತೃ, ಕ್ರಿಯಾಪದ, ಕರ್ಮ ಎಂಬ ಕ್ರಮ. ನಮ್ಮ ಹುಡುಗಿ ಮಾಡಿದ್ದೇನು? ಬಜಾರಿನಲ್ಲಿ ಸದಾ ಗೆಲ್ಲುವ ಉಪಾಯವನ್ನೇ ಇಂಗ್ಲಿಷಿಗೂ ಹೂಡಿದಳು. 'ನಮ್ಮಪ್ಪ ಕೆಂಪು ಬಾಳೆ ಬೆಳೆಯುತ್ತಾರೆ' ಎಂಬುದರ ಒಂದೊಂದು ಶಬ್ದವನ್ನೂ ಅಲ್ಲಲ್ಲೇ ಬದಲಿಸಿದಳು. ಅವಳ ತಪ್ಪು ದಡ್ಡತನದ್ದಲ್ಲ. ಹಲವು ಭಾಷೆ ಬಲ್ಲ ಊರಿನ ರೂಢಿಯದು.

ಜಾಗ ಏಕೆ ಅಷ್ಟು ಮುಖ್ಯ?

'ನಾಯಿ ಹುಡುಗನನ್ನು ಕಚ್ಚಿತು' ಎನ್ನಿ. ಇಲ್ಲವೇ 'ಹುಡುಗನನ್ನು ನಾಯಿ ಕಚ್ಚಿತು' ಎನ್ನಿ. ಗಾಯವಾದದ್ದು ಹುಡುಗನಿಗೇ. ಏಕೆಂದರೆ 'ಹುಡುಗ' ಎಂಬ ಶಬ್ದಕ್ಕೆ 'ಅನ್ನು' ಎಂಬ ದ್ವಿತೀಯಾ ವಿಭಕ್ತಿ ಪ್ರತ್ಯಯ ಅಂಟಿಕೊಂಡಿದೆ. ಅವನು ವಾಕ್ಯದಲ್ಲಿ ಎಲ್ಲಿಯೇ ನಿಂತರೂ ಆ ಪ್ರತ್ಯಯ ಅವನ ಗುರುತಿನ ಚೀಟಿಯಂತೆ ಜೊತೆಗೇ ಇರುತ್ತದೆ.

ಈಗ ಇಂಗ್ಲಿಷಿನಲ್ಲಿ ನೋಡಿ. 'ದ ಡಾಗ್ ಬಿಟ್ ದ ಬಾಯ್' ಎಂದರೆ ನಾಯಿ ಹುಡುಗನನ್ನು ಕಚ್ಚಿತು. 'ದ ಬಾಯ್ ಬಿಟ್ ದ ಡಾಗ್' ಎಂದರೆ ಹುಡುಗನೇ ನಾಯಿಯನ್ನು ಕಚ್ಚಿದ! ಶಬ್ದಗಳು ಅವೇ. ಇಂಗ್ಲಿಷ್ ನಾಮಪದಕ್ಕೆ 'ಅನ್ನು' ಎಂಬ ಚೀಟಿ ಇಲ್ಲ. ಅದು ನಿಂತ ಜಾಗವೇ ಅದರ ಚೀಟಿ. ಕ್ರಿಯಾಪದಕ್ಕಿಂತ ಮೊದಲು ನಿಂತರೆ ಕರ್ತೃ, ನಂತರ ನಿಂತರೆ ಕರ್ಮ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಹೇಳುವುದು ಸುಲಭ. ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕದ ಪರಮಾಣುಗಳನ್ನು ಒಂದು ರೀತಿಯಲ್ಲಿ ಜೋಡಿಸಿದರೆ ಈಥೈಲ್ ಆಲ್ಕೋಹಾಲ್ ಎಂಬ ದ್ರವ; ಅವೇ ಪರಮಾಣುಗಳನ್ನು ಇನ್ನೊಂದು ರೀತಿಯಲ್ಲಿ ಜೋಡಿಸಿದರೆ ಡೈಮೀಥೈಲ್ ಈಥರ್ ಎಂಬ ಅನಿಲ. ರಸಾಯನಶಾಸ್ತ್ರದಲ್ಲಿ ಇಂಥವುಗಳನ್ನು ಐಸೋಮರ್‌ಗಳು ಎನ್ನುತ್ತಾರೆ. ಇಂಗ್ಲಿಷ್ ವಾಕ್ಯವೂ ಹಾಗೆಯೇ: ಜೋಡಣೆ ಬದಲಾದರೆ ವಸ್ತುವೇ ಬದಲು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದವು; ಅವುಗಳ ಕೆಲಸವನ್ನು ಶಬ್ದಗಳ ಕ್ರಮವೂ 'ಇನ್', 'ಟು', 'ಆಫ್' ಮುಂತಾದ ಕಿರುಪದಗಳೂ ವಹಿಸಿಕೊಂಡವು. ಹಳೆಯ ಪ್ರತ್ಯಯಗಳ ನೆನಪು ಇಂದಿಗೂ ಸರ್ವನಾಮಗಳಲ್ಲಿ ಉಳಿದಿದೆ. 'ಹೀ' ಎಂದರೆ ಅವನು, 'ಹಿಮ್' ಎಂದರೆ ಅವನನ್ನು. 'ಐ' ಎಂದರೆ ನಾನು, 'ಮಿ' ಎಂದರೆ ನನ್ನನ್ನು.

ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ನೀವು ಕನ್ನಡ ತರಗತಿಯಲ್ಲಿ ಕಲಿತಿದ್ದೀರಿ. ಅದು ಪರೀಕ್ಷೆಯ ನಾಲ್ಕು ಅಂಕಕ್ಕೆ ಮಾತ್ರ ಎಂದುಕೊಳ್ಳಬೇಡಿ. ಭಾಷೆಯನ್ನು ಬಿಚ್ಚಿ ನೋಡುವ ಅಭ್ಯಾಸ ಈ ಮಣ್ಣಿಗೆ ಹೊಸದಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗ ರಚನೆಯಾದದ್ದು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕಾವ್ಯದಲ್ಲಿ ಶಬ್ದ ಎಲ್ಲಿ ಹೇಗೆ ತಪ್ಪುತ್ತದೆ ಎಂಬ ಚರ್ಚೆ ಆ ಗ್ರಂಥದಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನೇ ಬರೆದ. ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೂ 1903ರಲ್ಲಿ ಕನ್ನಡ ವ್ಯಾಕರಣವನ್ನೂ ಪ್ರಕಟಿಸಿದರು. ಪರಭಾಷೆಯ ವಾಕ್ಯವನ್ನು ಬಿಚ್ಚಿ, ಅದರ ಜೋಡಣೆಯನ್ನು ಅರಿತು ಅವರು ಮಾಡಿದ ಅಭ್ಯಾಸವನ್ನು ನಾವು ಇಂಗ್ಲಿಷಿನ ವಿಷಯದಲ್ಲಿ ಮಾಡಬೇಕಾಗಿದೆ.

ತಿರುಗುಮುರುಗು ಸೂತ್ರ

ಈಗ ಒಂದು ಉಪಯುಕ್ತ ಸೂತ್ರ. ಈ ಕನ್ನಡ ವಾಕ್ಯವನ್ನು ತುಂಡು ಮಾಡಿ ನೋಡೋಣ:

ನಮ್ಮ ತಂದೆ / ಭಾನುವಾರಗಳಂದು / ಕಲಬುರಗಿಯಲ್ಲಿ / ಬಾಳೆಹಣ್ಣು / ಮಾರುತ್ತಾರೆ.

ಇದರ ಇಂಗ್ಲಿಷ್ ರೂಪ:

ಮೈ ಫಾದರ್ / ಸೆಲ್ಸ್ / ಬನಾನಾಸ್ / ಇನ್ ಕಲಬುರಗಿ / ಆನ್ ಸಂಡೇಸ್.

ಏನು ಗಮನಿಸಿದಿರಿ? ಕರ್ತೃ ತನ್ನ ಜಾಗದಲ್ಲೇ ಇದೆ. ಉಳಿದ ನಾಲ್ಕು ತುಂಡುಗಳು ಕೊನೆಯಿಂದ ಮೊದಲಿಗೆ ತಿರುಗಿ ನಿಂತಿವೆ. ಕನ್ನಡದಲ್ಲಿ ಕಾಲ, ಸ್ಥಳ, ಕರ್ಮ, ಕ್ರಿಯೆ. ಇಂಗ್ಲಿಷಿನಲ್ಲಿ ಕ್ರಿಯೆ, ಕರ್ಮ, ಸ್ಥಳ, ಕಾಲ. ಕನ್ನಡಿಯಲ್ಲಿ ನೋಡಿದಂತೆ.

ಈ ತಿರುವು ತುಂಡಿನ ಒಳಗೂ ನಡೆಯುತ್ತದೆ. ಕನ್ನಡದಲ್ಲಿ 'ಕಲಬುರಗಿ' ಮೊದಲು, 'ಅಲ್ಲಿ' ನಂತರ. ಇಂಗ್ಲಿಷಿನಲ್ಲಿ 'ಇನ್' ಮೊದಲು, 'ಕಲಬುರಗಿ' ನಂತರ. 'ಮೇಜಿನ ಮೇಲೆ' ಎಂಬುದು 'ಆನ್ ದ ಟೇಬಲ್' ಆಗುತ್ತದೆ. 'ಬಾಳೆ ಬೆಳೆಯುವ ರೈತ' ಎಂಬುದು 'ದ ಫಾರ್ಮರ್ ಹೂ ಗ್ರೋಸ್ ಬನಾನಾಸ್' ಆಗುತ್ತದೆ. ಆದರೆ ಗುಣವಾಚಕ ಮಾತ್ರ ತಿರುಗುವುದಿಲ್ಲ: 'ಕೆಂಪು ಬಾಳೆ' ಇಂಗ್ಲಿಷಿನಲ್ಲೂ 'ರೆಡ್ ಬನಾನಾ'ವೇ. ಕಾಲವನ್ನು ಒತ್ತಿ ಹೇಳಬೇಕಾದಾಗ 'ಆನ್ ಸಂಡೇಸ್' ಎಂಬುದನ್ನು ವಾಕ್ಯದ ಮೊದಲಿಗೂ ತರಬಹುದು. ಆದರೆ ಕರ್ತೃ, ಕ್ರಿಯೆ, ಕರ್ಮ ಎಂಬ ಮೂರರ ಸಾಲನ್ನು ಮುರಿಯಬೇಡಿ.

ಕ್ರಿಯಾಪದವಿಲ್ಲದೆ ವಾಕ್ಯವಿಲ್ಲ

'ನಮ್ಮ ತಂದೆ ರೈತರು.' ಇದು ಪೂರ್ಣ ಕನ್ನಡ ವಾಕ್ಯ. ಇದರಲ್ಲಿ ಕ್ರಿಯಾಪದ ಎಲ್ಲಿದೆ? ಇಲ್ಲವೇ ಇಲ್ಲ. ಆದರೆ ಇಂಗ್ಲಿಷಿನಲ್ಲಿ 'ಮೈ ಫಾದರ್ ಫಾರ್ಮರ್' ಎಂದರೆ ವಾಕ್ಯವಾಗುವುದಿಲ್ಲ. 'ಮೈ ಫಾದರ್ ಈಸ್ ಎ ಫಾರ್ಮರ್' ಎನ್ನಬೇಕು. ಕನ್ನಡದಲ್ಲಿ ಕ್ರಿಯಾಪದ ಕಾಣದಿರುವ ಇಂಥ ಕಡೆ ಇಂಗ್ಲಿಷಿನಲ್ಲಿ ಆಮ್, ಈಸ್, ಆರ್ ಇವುಗಳಲ್ಲೊಂದನ್ನು ಹಾಕಬೇಕು.

ಇದನ್ನು ಕಲಿತ ಮೇಲೆ ಇನ್ನೊಂದು ತಪ್ಪು ಆರಂಭವಾಗುತ್ತದೆ: 'ಐ ಆಮ್ ಗೋ ಟು ಸ್ಕೂಲ್' ಎಂದು ಎಲ್ಲ ಕಡೆಯೂ 'ಆಮ್' ತುರುಕುವುದು. 'ಗೋ' ತಾನೇ ಕ್ರಿಯಾಪದವಾದ್ದರಿಂದ 'ಐ ಗೋ ಟು ಸ್ಕೂಲ್' ಸಾಕು. ಈಗ ಹೋಗುತ್ತಾ ಇದ್ದೇನೆ ಎನ್ನುವಾಗ ಮಾತ್ರ 'ಐ ಆಮ್ ಗೋಯಿಂಗ್'.

ಕರ್ತೃವನ್ನು ಬಿಡುವಂತಿಲ್ಲ

'ನಿನ್ನೆ ಬಂದೆ' ಎಂದರೆ ಬಂದವನು ನಾನೇ ಎಂದು ತಿಳಿಯುತ್ತದೆ; 'ಬಂದಳು' ಎಂದರೆ ಅವಳು. ಕನ್ನಡದ ಕ್ರಿಯಾಪದದ ಬಾಲದಲ್ಲಿ ಕರ್ತೃವಿನ ಸುಳಿವಿದೆ. ಇಂಗ್ಲಿಷಿನ 'ಕೇಮ್' ಎಂಬುದಕ್ಕೆ ಆ ಬಾಲವಿಲ್ಲ. ಆದ್ದರಿಂದ 'ಐ ಕೇಮ್', 'ಶೀ ಕೇಮ್' ಎಂದು ಕರ್ತೃವನ್ನು ಬಿಡಿಸಿ ಹೇಳಲೇಬೇಕು. ಕರ್ತೃವೆಂದು ಹೇಳಲು ಯಾರೂ ಇಲ್ಲದಾಗಲೂ ಆ ಜಾಗ ಖಾಲಿ ಇರುವಂತಿಲ್ಲ. 'ಮಳೆ ಬರುತ್ತಿದೆ' ಎನ್ನಲು 'ಇಟ್ ಈಸ್ ರೇನಿಂಗ್' ಎನ್ನುತ್ತಾರೆ. ಈ 'ಇಟ್' ಯಾವ ವಸ್ತುವನ್ನೂ ಹೇಳುವುದಿಲ್ಲ. ಜಾಗ ತುಂಬಲು ಬಂದದ್ದು.

ಇನ್ನೊಂದು ಎಚ್ಚರಿಕೆ. ಕನ್ನಡದಲ್ಲಿ 'ನನಗೆ' ಎಂದು ಆರಂಭವಾಗುವ ವಾಕ್ಯಗಳು ಬಹಳ: ನನಗೆ ಹಸಿವಾಗಿದೆ, ನನಗೆ ಕನ್ನಡ ಗೊತ್ತು, ನನಗೆ ಇಬ್ಬರು ಅಣ್ಣಂದಿರಿದ್ದಾರೆ. ಈ 'ಗೆ' ನೋಡಿ 'ಟು ಮಿ' ಎಂದು ಆರಂಭಿಸಬೇಡಿ. ಇಲ್ಲೆಲ್ಲ ಇಂಗ್ಲಿಷಿನಲ್ಲಿ 'ಐ' ಕರ್ತೃವಾಗಿ ಮುಂದೆ ನಿಲ್ಲುತ್ತದೆ: ಐ ಆಮ್ ಹಂಗ್ರಿ, ಐ ನೋ ಕನ್ನಡ, ಐ ಹ್ಯಾವ್ ಟು ಬ್ರದರ್ಸ್.

ಆ ಒಂದು 'ಎಸ್' ಮತ್ತು ನಮ್ಮ ಮರ್ಯಾದೆ

ಕನ್ನಡದಲ್ಲಿ ಬೆಳೆಯುತ್ತೇನೆ, ಬೆಳೆಯುತ್ತೀಯೆ, ಬೆಳೆಯುತ್ತಾನೆ, ಬೆಳೆಯುತ್ತಾಳೆ, ಬೆಳೆಯುತ್ತಾರೆ ಎಂದು ಎಷ್ಟೊಂದು ರೂಪಗಳು! ಇಂಗ್ಲಿಷಿನ ವರ್ತಮಾನ ಕಾಲದಲ್ಲಿ ಇಷ್ಟೆಲ್ಲ ಇಲ್ಲ. ಐ, ಯು, ವೀ, ದೇ ಇವುಗಳ ಮುಂದೆ 'ಗ್ರೋ'. ಹೀ, ಶೀ, ಇಟ್ ಇವುಗಳ ಮುಂದೆ ಮಾತ್ರ 'ಗ್ರೋಸ್'. ಅಷ್ಟೇ.

ಇಷ್ಟು ಸುಲಭವಿದ್ದರೂ ನಮ್ಮ ಮಕ್ಕಳು ಏಕೆ ತಪ್ಪುತ್ತಾರೆ? ಇದಕ್ಕೆ ನಮ್ಮ ಮರ್ಯಾದೆಯೂ ಒಂದು ಕಾರಣ. ತಂದೆಯನ್ನು ನಾವು 'ಬೆಳೆಯುತ್ತಾನೆ' ಎನ್ನುವುದಿಲ್ಲ, 'ಬೆಳೆಯುತ್ತಾರೆ' ಎನ್ನುತ್ತೇವೆ. ಗೌರವಕ್ಕಾಗಿ ಬಹುವಚನ. ಅದೇ ಮನಸ್ಸಿನಿಂದ ಇಂಗ್ಲಿಷಿನಲ್ಲೂ ತಂದೆಯನ್ನು 'ದೇ' ಎಂದೋ, 'ಮೈ ಫಾದರ್ ಗ್ರೋ' ಎಂದೋ ಹೇಳಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಗೌರವಕ್ಕೆ ಬಹುವಚನ ಮಾಡುವ ಪದ್ಧತಿ ಇಲ್ಲ. 'ಹೀ ಗ್ರೋಸ್' ಎಂದರೆ ತಂದೆಗೆ ಅಗೌರವವಾಗುವುದಿಲ್ಲ. ಈ ಸಂಕೋಚವನ್ನು ಬಿಟ್ಟುಬಿಡಿ.

ಪ್ರಶ್ನೆಯೂ ನಿಷೇಧವೂ

ಕನ್ನಡದಲ್ಲಿ 'ಮಾರುತ್ತಾರೆ' ಎಂಬುದರ ಕೊನೆಗೆ ಒಂದು 'ಆ' ಸೇರಿಸಿ 'ಮಾರುತ್ತಾರಾ?' ಎಂದರೆ ಪ್ರಶ್ನೆ. ಇಂಗ್ಲಿಷಿನಲ್ಲಿ ಪ್ರಶ್ನೆಯ ಗುರುತು ಮುಂದೆ ಬರುತ್ತದೆ, ಮತ್ತು ಅದಕ್ಕೆ ಡು, ಡಸ್, ಡಿಡ್ ಎಂಬ ಸಹಾಯಕ ಕ್ರಿಯಾಪದ ಬೇಕಾಗುತ್ತದೆ.

ಹೀ ಸೆಲ್ಸ್ ಬನಾನಾಸ್.
ಡಸ್ ಹೀ ಸೆಲ್ ಬನಾನಾಸ್?
ಹೀ ಡಸ್ ನಾಟ್ ಸೆಲ್ ಬನಾನಾಸ್.
ವೇರ್ ಡಸ್ ಹೀ ಸೆಲ್ ಬನಾನಾಸ್?

ಮೊದಲ ವಾಕ್ಯದಲ್ಲಿ 'ಸೆಲ್ಸ್' ಎಂಬಲ್ಲಿದ್ದ ಎಸ್ ಉಳಿದ ವಾಕ್ಯಗಳಲ್ಲಿ 'ಡಸ್' ಎಂಬಲ್ಲಿಗೆ ಹೋಗಿದೆ. ಇರುವುದು ಒಂದೇ ಎಸ್. ಸಹಾಯಕ ಬಂದಾಗ ಅದನ್ನು ಅವನೇ ಹೊರುತ್ತಾನೆ. ಆದ್ದರಿಂದ 'ಡಸ್ ಹೀ ಸೆಲ್ಸ್' ಎನ್ನುವುದು ತಪ್ಪು. ಭೂತಕಾಲದಲ್ಲೂ ಇದೇ ನಿಯಮ: 'ಹೀ ಸೋಲ್ಡ್', ಆದರೆ 'ಡಿಡ್ ಹೀ ಸೆಲ್?'. ಆಮ್, ಈಸ್, ಆರ್ ಇರುವ ವಾಕ್ಯಗಳಿಗೆ ಮಾತ್ರ ಈ ಸಹಾಯಕ ಬೇಡ. ಅವು ತಾವೇ ಮುಂದೆ ಬರುತ್ತವೆ: 'ಈಸ್ ಹೀ ಎ ಫಾರ್ಮರ್?'

'ಎ' ಮತ್ತು 'ದ'

ಅಜ್ಜಿ ಕಥೆ ಹೇಳುವುದನ್ನು ನೆನಪಿಸಿಕೊಳ್ಳಿ. 'ಒಂದೂರಿನಲ್ಲಿ ಒಬ್ಬ ರೈತ ಇದ್ದ. ಆ ರೈತನಿಗೆ ಮೂವರು ಮಕ್ಕಳು.' ಮೊದಲ ಬಾರಿಗೆ ಪರಿಚಯಿಸುವಾಗ 'ಒಬ್ಬ'. ಪರಿಚಯವಾದ ಮೇಲೆ 'ಆ'. ಇಂಗ್ಲಿಷಿನಲ್ಲಿ 'ಒಬ್ಬ' ಅಥವಾ 'ಒಂದು' ಎಂಬ ಜಾಗದಲ್ಲಿ 'ಎ', 'ಆ' ಎಂಬ ಜಾಗದಲ್ಲಿ 'ದ'. ಕನ್ನಡದಲ್ಲಿ ಇವನ್ನು ಬಿಟ್ಟರೂ ನಡೆಯುತ್ತದೆ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಎಲ್ಲ ಸಂದರ್ಭಗಳಿಗೂ ಈ ಒಂದು ಸೂತ್ರ ಸಾಲದು; ಆದರೆ ಆರಂಭಕ್ಕೆ ಇಷ್ಟು ಸಾಕು. ಉಳಿದದ್ದು ಓದುತ್ತಾ ಹೋದಂತೆ ಕಿವಿಗೆ ಹಿಡಿಯುತ್ತದೆ.

ಅಭ್ಯಾಸ ಹೇಗೆ?

ದೊಡ್ಡ ವ್ಯಾಕರಣ ಪುಸ್ತಕ ಬೇಕಿಲ್ಲ. ದಿನಕ್ಕೆ ಐದು ವಾಕ್ಯ. ಮನೆಯ, ಹೊಲದ, ಬಸ್ ನಿಲ್ದಾಣದ ಸಂಗತಿಗಳೇ ಸಾಕು. ಮೊದಲು ಕನ್ನಡದಲ್ಲಿ ಬರೆದು ತುಂಡು ಮಾಡಿ. ಕರ್ತೃವನ್ನು ಗುರುತಿಸಿ ಮೊದಲಿಗೆ ಇಡಿ. ಕ್ರಿಯಾಪದವನ್ನು ಕೊನೆಯಿಂದ ಎತ್ತಿ ಕರ್ತೃವಿನ ಪಕ್ಕಕ್ಕೆ ತನ್ನಿ. ಆಮೇಲೆ ಕರ್ಮ, ಸ್ಥಳ, ಕಾಲ. ಬರೆದದ್ದನ್ನು ಗಟ್ಟಿಯಾಗಿ ಹೇಳಿ. ಕೆಲವು ವಾರಗಳಲ್ಲಿ ತುಂಡು ಮಾಡುವ ಅಗತ್ಯ ಕಡಿಮೆಯಾಗಿ ವಾಕ್ಯ ನೇರವಾಗಿ ಬರತೊಡಗುತ್ತದೆ. ಗೆಳೆಯರು ತಪ್ಪಿದಾಗ ನಗಬೇಡಿ. ಒಂದು ನಗುವಿಗೆ ಒಬ್ಬರ ಮಾತು ವರ್ಷಗಟ್ಟಲೆ ನಿಂತುಹೋಗಬಹುದು.

ಇವುಗಳನ್ನು ಇಂಗ್ಲಿಷಿಗೆ ತಿರುಗಿಸಿ. ಉತ್ತರ ನೋಡುವ ಮೊದಲು ನೀವೇ ಬರೆಯಿರಿ.

1. ಕಲಬುರಗಿ ದೊಡ್ಡ ನಗರ.
2. ನನ್ನ ತಂಗಿ ಪ್ರತಿದಿನ ಶಾಲೆಯಲ್ಲಿ ಕಬಡ್ಡಿ ಆಡುತ್ತಾಳೆ.
3. ನಿನ್ನೆ ಬಂದೆ.
4. ನಿಮ್ಮ ಅಣ್ಣ ಎಲ್ಲಿ ಕೆಲಸ ಮಾಡುತ್ತಾರೆ?
5. ನಮ್ಮ ಅಜ್ಜಿಗೆ ಉರ್ದು ಗೊತ್ತು.

ಉತ್ತರಗಳು: 1. ಕಲಬುರಗಿ ಈಸ್ ಎ ಬಿಗ್ ಸಿಟಿ. 2. ಮೈ ಸಿಸ್ಟರ್ ಪ್ಲೇಸ್ ಕಬಡ್ಡಿ ಅಟ್ ಸ್ಕೂಲ್ ಎವ್ರಿ ಡೇ. 3. ಐ ಕೇಮ್ ಯೆಸ್ಟರ್‌ಡೇ. 4. ವೇರ್ ಡಸ್ ಯುವರ್ ಬ್ರದರ್ ವರ್ಕ್? 5. ಮೈ ಗ್ರ್ಯಾಂಡ್‌ಮದರ್ ನೋಸ್ ಉರ್ದು.

ಅಂದು ಕಮಲಾಪುರದಲ್ಲಿ ಆ ಹುಡುಗಿಗೆ ಇದೆಲ್ಲವನ್ನೂ ಹೇಳಲು ಸಮಯವಿರಲಿಲ್ಲ. ಕ್ರಿಯಾಪದವನ್ನು ತಂದೆಯ ಪಕ್ಕಕ್ಕೆ ತರಬೇಕೆಂದೂ, ಅದಕ್ಕೊಂದು ಎಸ್ ಹಚ್ಚಬೇಕೆಂದೂ, ಬಾಳೆ ಒಂದಲ್ಲ ಬಹಳ ಎಂದೂ ಮಾತ್ರ ಹೇಳಿದೆ. ಅವಳು ಸ್ವಲ್ಪ ಯೋಚಿಸಿ ನಿಧಾನವಾಗಿ ಹೇಳಿದಳು: 'ಮೈ ಫಾದರ್ ಗ್ರೋಸ್ ರೆಡ್ ಬನಾನಾಸ್ ಇನ್ ಕಮಲಾಪುರ್.' 'ಇನ್ ಕಮಲಾಪುರ್' ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದನ್ನು ಸರಿಯಾದ ಜಾಗದಲ್ಲಿ ಅವಳೇ ಇಟ್ಟಿದ್ದಳು.